ಕಿಟಕಿಯ ಪಕ್ಕದ ಪದಾರ್ಥ: ಗುಜರಾತಿನಲ್ಲಿ ಮಕ್ಕಳ ವಸ್ತುಚಿತ್ರ ಪಾಠದ ಚರಿತ್ರೆ

ಮೇಜಿನ ಮೇಲೆ ಒಂದು ತಂಬಿಗೆ, ನಾಲ್ಕು ಹಣ್ಣು, ಒಂದು ಬಟ್ಟೆಯನ್ನು ಜೋಡಿಸಿಟ್ಟು, ಅವನ್ನು ನೋಡುತ್ತ ಬರೆಯುವ ಚಿತ್ರಕ್ಕೆ ಇಂಗ್ಲಿಷಿನವರು ಸ್ಟಿಲ್ ಲೈಫ್ ಎನ್ನುತ್ತಾರೆ. ಫ್ರೆಂಚರು ಅದನ್ನೇ ‘ಸತ್ತ ಪ್ರಕೃತಿ’ ಎಂಬ ಅರ್ಥದ ಮಾತಿನಿಂದ ಕರೆಯುತ್ತಾರೆ. ಕನ್ನಡದಲ್ಲಿ ಇದಕ್ಕೊಂದು ಹೆಸರು ಇನ್ನೂ ನೆಲೆನಿಂತಿಲ್ಲ. ಸ್ಥಿರಚಿತ್ರ, ಅಚಲಚಿತ್ರ, ವಸ್ತುಚಿತ್ರ ಎಂದು ಒಬ್ಬೊಬ್ಬರದು ಒಂದೊಂದು ಬಳಕೆ. ಸ್ತಬ್ಧಚಿತ್ರ ಎಂದರಂತೂ ದಸರಾ ಮೆರವಣಿಗೆಯ ಬಂಡಿಗಳೇ ಕಣ್ಣಮುಂದೆ ಬರುತ್ತವೆ. ಗುಜರಾತಿನ ಶಾಲೆಗಳಲ್ಲಿ ಇದಕ್ಕೆ ‘ಪದಾರ್ಥಚಿತ್ರ’ ಎಂಬ ಹೆಸರು ರೂಢಿಯಲ್ಲಿದೆ. ಅನ್ನದ ಜೊತೆಗೆ ಕಲಸಿಕೊಳ್ಳುವುದನ್ನು ಪದಾರ್ಥವೆನ್ನುವ ಮಂಗಳೂರು, ಉಡುಪಿ ಕಡೆಯ ನಮ್ಮವರಿಗೆ ಇದನ್ನು ಕೇಳಿ ನಗು ಬರಬಹುದು. ನಮಗೆ ಮಾತ್ರ ಇದಕ್ಕಿಂತ ಒಳ್ಳೆಯ ಹೆಸರು ತೋಚದು. ನೋಡುವ ವಸ್ತುವೂ ತಿನ್ನುವ ವಸ್ತುವೂ ಒಂದೇ ಮಾತಿನಲ್ಲಿ ಅಡಗಿರುವುದು ಈ ಪಾಠಕ್ಕೆ ಎಷ್ಟು ಸಲ್ಲುತ್ತದೆಂಬುದನ್ನು ಮುಂದೆ ನೋಡೋಣ.

ಅಹಮದಾಬಾದು, ವಡೋದರಾ, ಸೂರತ್ ನಗರಗಳಲ್ಲಿ ಬೆಳೆಯುತ್ತಿರುವ ನಮ್ಮ ಕನ್ನಡದ ಮನೆಗಳ ಮಕ್ಕಳ ಚಿತ್ರದ ಪುಸ್ತಕಗಳನ್ನು ತೆರೆದು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅಲ್ಲಿ ಕೆಂಪು ಸೇಬು ಇದೆ, ಗಾಜಿನ ಹೂಜಿಯಲ್ಲಿ ಟ್ಯೂಲಿಪ್ ಹೂಗಳಿವೆ, ‘ಚಳಿಗಾಲ’ ಎಂಬ ಹಾಳೆಯಲ್ಲಿ ಹಿಮ ಹೊದ್ದ ಪೈನ್ ಮರವಿದೆ. ‘ಶರತ್ಕಾಲ’ ಎಂದರೆ ಉದುರುತ್ತಿರುವ ಮೇಪಲ್ ಎಲೆ. ಮಗು ಚಿತ್ರ ಬರೆಯುತ್ತಿರುವ ಕಿಟಕಿಯ ಕೆಳಗೇ, ಇಲ್ಲಿಯವರು ‘ಲಾರಿ’ ಎನ್ನುವ ಕೈಗಾಡಿಯಲ್ಲಿ, ಹಸಿರು ಬೆಳ್ಳುಳ್ಳಿಯೂ ಪುಟ್ಟ ಬದನೆಯೂ ಒಳಗೆಲ್ಲ ನೇರಳೆ ಬಣ್ಣದ ಗೆಣಸೂ ಹೋಗುತ್ತಿರುತ್ತವೆ. ಮಗುವಿನ ಕಣ್ಣಿಗೆ ಅವು ಚಿತ್ರಕ್ಕೆ ತಕ್ಕ ವಸ್ತುಗಳಲ್ಲ. ಹೊರನಾಡಿನ ಕನ್ನಡಿಗರಾದ ನಾವು ಮಕ್ಕಳ ಭಾಷೆ ಹೋಯಿತೆಂದು ಮರುಗುತ್ತೇವೆ. ಭಾಷೆಗೂ ಮೊದಲು ಹೋಗುತ್ತಿರುವುದು ಇರುವ ಊರನ್ನು ನೋಡುವ ಕಣ್ಣು ಎಂಬುದು ನಮ್ಮ ಶಂಕೆ. ಊರ ಕನ್ನಡನಾಡನ್ನು ಕಾಣದ, ನಿಂತ ಗುಜರಾತನ್ನೂ ಕಾಣದ ಮಗುವಿಗೆ ನಾವು ಕಲಿಸುವ ಪದಗಳು ಯಾವುದಕ್ಕೆ ಅಂಟಿಕೊಳ್ಳಬೇಕು?

ಈ ಪ್ರಶ್ನೆ ಇಂದಿನದಲ್ಲ. ಮಕ್ಕಳು ಯಾವುದನ್ನು ನೋಡಿ ಚಿತ್ರ ಬರೆಯಬೇಕು ಎಂಬ ವಾದ ಈ ಮೂರು ನಗರಗಳ ಸುತ್ತಲೇ ನೂರು ವರ್ಷಕ್ಕೂ ಮೇಲ್ಪಟ್ಟು ನಡೆದಿದೆ. ಅದರ ಕೆಲವು ಎಳೆಗಳು ಧಾರವಾಡಕ್ಕೂ ಮೈಸೂರಿಗೂ ಹಾದುಹೋಗಿವೆ.

ಮೊದಲು ಒಂದು ತಂಬಿಗೆಯ ಕಥೆ. ಹಳೆಯ ಮುಂಬಯಿ ಪ್ರಾಂತದಲ್ಲಿ ಶಾಲೆಯ ಮಕ್ಕಳಿಗೆಂದು ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂಬ ಎರಡು ಡ್ರಾಯಿಂಗ್ ಪರೀಕ್ಷೆಗಳಿದ್ದವು. ಮಹಾರಾಷ್ಟ್ರದಲ್ಲಿ ಅವು ಇಂದಿಗೂ ನಡೆಯುತ್ತಿವೆ. ಕರ್ನಾಟಕದ ಲೋವರ್, ಹೈಯರ್ ಪರೀಕ್ಷೆಗಳೂ ಅದೇ ಬಗೆಯವು. ಈ ಪರೀಕ್ಷೆಗಳಲ್ಲಿ ವಸ್ತುವನ್ನು ಎದುರಿಗಿಟ್ಟು ಬರೆಯುವ ಪತ್ರಿಕೆ ಮುಖ್ಯವಾದದ್ದು. ತಾಮ್ರದ ಪಾತ್ರೆ, ಬಕೀಟು, ಪೆಟ್ಟಿಗೆ, ದಪ್ಪನೆಯ ಪುಸ್ತಕ, ಪಕ್ಕದಲ್ಲೊಂದು ಬದನೆಯೋ ಬಾಳೆಯೋ. ಪಾತ್ರೆಯ ಬಾಯಿ ಎಷ್ಟು ಚಪ್ಪಟೆಯಾಗಿ ಕಾಣುತ್ತದೆ, ಬೆಳಕಿನ ಎದುರುಬದಿಯಲ್ಲಿ ನೆರಳು ಎಷ್ಟು ದಟ್ಟ, ಪೆಟ್ಟಿಗೆಯ ಅಂಚುಗಳು ಎಲ್ಲಿ ಹೋಗಿ ಕೂಡುತ್ತವೆ ಎಂಬುದನ್ನು ಮಗು ತೋರಿಸಬೇಕು. 1857ರಲ್ಲಿ ಆರಂಭವಾದ ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಗ್ರೀಕ್ ಮೂರ್ತಿಗಳ ಗಾರೆ ಪಡಿಯಚ್ಚುಗಳನ್ನು ನೋಡಿ ಬರೆಯಿಸುತ್ತಿದ್ದ ಶಿಸ್ತೇ ಸಣ್ಣದಾಗಿ ಹಳ್ಳಿಶಾಲೆಯ ಬೆಂಚಿನ ತನಕ ಇಳಿದುಬಂದಿತ್ತು.

ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳೂ ಅಹಮದಾಬಾದು, ಸೂರತ್‌ಗಳೂ ಒಂದೇ ಪ್ರಾಂತದಲ್ಲಿದ್ದವು. ಬರೋಡಾ ಸಂಸ್ಥಾನ 1949ರಲ್ಲಿ ಮುಂಬಯಿ ರಾಜ್ಯಕ್ಕೆ ಸೇರಿತು. ಕನ್ನಡ ಜಿಲ್ಲೆಗಳು 1956ರಲ್ಲಿ ಮೈಸೂರು ರಾಜ್ಯಕ್ಕೆ ಹೋದವು. ಗುಜರಾತ್ 1960ರಲ್ಲಿ ಬೇರೆಯಾಯಿತು. ಹಾಗೆಂದರೆ ಸುಮಾರು ಏಳು ವರ್ಷಗಳ ಕಾಲ ಈ ಮೂರು ನಗರಗಳೂ ಧಾರವಾಡವೂ ಒಂದೇ ರಾಜ್ಯದ ಊರುಗಳಾಗಿದ್ದವು. ಹುಬ್ಬಳ್ಳಿಯ ಹುಡುಗನೂ ಸೂರತ್ತಿನ ಹುಡುಗಿಯೂ ಒಂದೇ ಬಗೆಯ ತಾಮ್ರದ ಪಾತ್ರೆಯ ಎದುರು ಕುಳಿತು ಪೆನ್ಸಿಲು ಹಿಡಿದು ಕೈ ಚಾಚಿ ಅಳತೆ ತೆಗೆಯುತ್ತಿದ್ದರು. ಹೊರನಾಡು ಎಂದು ನಾವು ಕರೆಯುವ ಈ ಸೀಮೆ ನಮ್ಮ ಅಜ್ಜಂದಿರ ಡ್ರಾಯಿಂಗ್ ಪರೀಕ್ಷೆಗೆ ಹೊರನಾಡಾಗಿರಲಿಲ್ಲ.

ಆ ಪರೀಕ್ಷೆಯನ್ನು ಪರಕೀಯರ ಪದ್ಧತಿ ಎಂದು ಹಳಿದು ಮುಗಿಸುವುದು ಸುಲಭ. ನಾವು ಹಾಗೆ ಮಾಡಲಾರೆವು. ಉತ್ತರ ಕರ್ನಾಟಕದ ಅದೆಷ್ಟೋ ಡ್ರಾಯಿಂಗ್ ಮಾಸ್ತರರ ಬದುಕು ಅದರಿಂದ ನಡೆಯಿತು, 1935ರಲ್ಲಿ ಡಿ. ವಿ. ಹಾಲಭಾವಿಯವರು ಧಾರವಾಡದಲ್ಲಿ ಕಟ್ಟಿದಂಥ ಕಲಾಶಾಲೆಗಳಿಗೆ ವಿದ್ಯಾರ್ಥಿಗಳು ಬಂದದ್ದೂ ಈ ಹಾದಿಯಿಂದಲೇ. ಎದುರಿಗಿರುವುದನ್ನು ಇದ್ದಂತೆ ನೋಡುವ ಸಾಧನೆ ಸಣ್ಣದಲ್ಲ. ಆದರೆ ಆ ಪಾಠಕ್ಕೆ ಕಾಲವಿರಲಿಲ್ಲ. ಜೂನ್ ಆಗಲಿ ಜನವರಿಯಾಗಲಿ ತಾಮ್ರದ ಪಾತ್ರೆ ತಾಮ್ರದ ಪಾತ್ರೆಯೇ. ಮಾವು ಹಣ್ಣಾಗುತ್ತದೆ, ಕೊಳೆಯುತ್ತದೆ. ಬೇಕೆಂದಾಗ ಎಲ್ಲ ಕೇಂದ್ರಗಳಲ್ಲೂ ಒಂದೇ ಬಗೆಯಾಗಿ ಸಿಗದು. ಪರೀಕ್ಷೆಗೆ ಒಗ್ಗುವುದು ಕೆಡದ ವಸ್ತು.

ಚಿತ್ರಕಾರರು ಹಾಗಿರಲಿಲ್ಲವೇ ಎಂದು ಕೇಳಿದರೆ ಅವರೂ ಸಾಕಷ್ಟು ಸುಳ್ಳು ಹೇಳಿದವರೇ. ಹದಿನೇಳನೆಯ ಶತಮಾನದ ಹಾಲೆಂಡಿನ ಹೂಗುಚ್ಛದ ಚಿತ್ರಗಳಲ್ಲಿ ವಸಂತದ ಟ್ಯೂಲಿಪ್ಪೂ ಬೇಸಗೆಯ ಗುಲಾಬಿಯೂ ಒಂದೇ ಹೂಜಿಯಲ್ಲಿ ಅರಳಿ ನಿಂತಿರುತ್ತವೆ. ನಿಜದಲ್ಲಿ ಅವು ಎಂದೂ ಒಟ್ಟಿಗೆ ಅರಳಿದವಲ್ಲ. ಒಂದೊಂದು ಹೂವನ್ನೂ ಅದರದರ ಕಾಲದಲ್ಲಿ ಬರೆದಿಟ್ಟುಕೊಂಡು ಆಮೇಲೆ ಕೂಡಿಸಿದ್ದು. ಅದಕ್ಕೂ ಮೊದಲು, 1563ರಲ್ಲಿ, ಆರ್ಚಿಂಬೋಲ್ಡೋ ಎಂಬ ಇಟಲಿಯ ಚಿತ್ರಕಾರ ವಿಯೆನ್ನಾದ ಅರಮನೆಗಾಗಿ ನಾಲ್ಕು ಋತುಗಳನ್ನು ನಾಲ್ಕು ಮುಖಗಳಾಗಿ ಬರೆದ. ಬೇಸಗೆಯ ಮುಖವೆಲ್ಲ ಹಣ್ಣು, ತರಕಾರಿ, ತೆನೆ. ಆಗಷ್ಟೇ ಅಮೆರಿಕದಿಂದ ಬಂದಿದ್ದ ಮೆಕ್ಕೆಜೋಳದ ತೆನೆ ಅಲ್ಲಿ ಕಿವಿಯಾಗಿದೆ. ಮಕ್ಕಳಿಗೆ ಆತನನ್ನು ತೋರಿಸಿದಾಗ ಆಗುವ ಆನಂದ ಬೇರೆ ಯಾವ ಚಿತ್ರಕಾರನನ್ನು ತೋರಿಸಿದರೂ ಆಗುವುದಿಲ್ಲ.

ಗುಜರಾತಿಗೆ ಋತುಚಿತ್ರ ಹೊರಗಿನಿಂದ ಬರಬೇಕಾಗಿರಲಿಲ್ಲ. ವಸಂತದ ಸೊಗಸನ್ನು ಹಾಡುವ ‘ವಸಂತವಿಲಾಸ’ವೆಂಬ ಹಳೆಯ ಗುಜರಾತಿ ಕಾವ್ಯವನ್ನು ಚಿತ್ರಗಳೊಂದಿಗೆ ಬರೆದ ಉದ್ದನೆಯ ಬಟ್ಟೆಯ ಸುರುಳಿಯೊಂದು 1451ರಲ್ಲಿ ಅಹಮದಾಬಾದಿನಲ್ಲೇ ಸಿದ್ಧವಾಯಿತು. ಅದು ಈಗ ವಾಷಿಂಗ್ಟನ್ನಿನ ಫ್ರೀಯರ್ ಗ್ಯಾಲರಿಯಲ್ಲಿದೆ. ಇದೇ ನಾಡಿನಲ್ಲಿ ಬರೆಸಿದ ಜೈನ ಕಲ್ಪಸೂತ್ರದ ಪ್ರತಿಗಳಲ್ಲಿ ತೀರ್ಥಂಕರನ ತಾಯಿ ಕಂಡ ಕನಸುಗಳ ಸಾಲಿನಲ್ಲಿ ಹೂಮಾಲೆಯಿದೆ, ತುಂಬಿದ ಕಲಶವಿದೆ. ನಮ್ಮ ಚಿತ್ರಪರಂಪರೆಯಲ್ಲಿ ವಸ್ತು ಒಂಟಿಯಾಗಿ ಮೇಜಿನ ಮೇಲೆ ಕುಳಿತದ್ದು ಅಪರೂಪ. ಅದು ಯಾರದೋ ಕೈಯಲ್ಲಿರುತ್ತದೆ, ಯಾವುದೋ ಹಬ್ಬದಲ್ಲಿರುತ್ತದೆ. ಈ ಭೇದವನ್ನು ನೆನಪಿನಲ್ಲಿಟ್ಟುಕೊಂಡರೆ 1938ರಲ್ಲಿ ಸೂರತ್ ಜಿಲ್ಲೆಯಲ್ಲಿ ನಡೆದದ್ದು ಸರಿಯಾಗಿ ಅರ್ಥವಾಗುತ್ತದೆ.

ಆ ವರ್ಷದ ಫೆಬ್ರವರಿಯಲ್ಲಿ ತಾಪಿ ನದಿಯ ದಡದ ಹರಿಪುರವೆಂಬ ಹಳ್ಳಿಯಲ್ಲಿ ಕಾಂಗ್ರೆಸ್ಸಿನ 51ನೆಯ ಅಧಿವೇಶನ ನಡೆಯಿತು. ಸುಭಾಷಚಂದ್ರ ಬೋಸರು ಅಧ್ಯಕ್ಷರು. ವಿಠಲಭಾಯಿ ಪಟೇಲರ ನೆನಪಿಗಾಗಿ ವಿಠಲನಗರವೆಂದು ಹೆಸರಿಟ್ಟ ತಾತ್ಕಾಲಿಕ ಊರೊಂದು ಅಲ್ಲಿ ಎದ್ದಿತು. ಅದನ್ನು ಸಿಂಗರಿಸುವ ಹೊಣೆಯನ್ನು ಗಾಂಧೀಜಿ ಶಾಂತಿನಿಕೇತನದ ನಂದಲಾಲ ಬೋಸರಿಗೆ ವಹಿಸಿದರು. ನಂದಲಾಲರೂ ನಮ್ಮ ಮೈಸೂರಿನ ಕೆ. ವೆಂಕಟಪ್ಪನವರೂ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದವರು. ವೆಂಕಟಪ್ಪನವರದು ಕೂದಲೆಳೆಯ ನಯಗಾರಿಕೆ, ಏಕಾಂತದ ಸಾಧನೆ. ನಂದಲಾಲರು ಬೀದಿಗೆ ಬಂದರು. ಅವರೂ ಅವರ ಶಿಷ್ಯರೂ ಸೇರಿ ಸುಮಾರು 400 ಫಲಕಗಳನ್ನು ಸಿದ್ಧಪಡಿಸಿದರು. ಅವುಗಳಲ್ಲಿ 80ಕ್ಕೂ ಹೆಚ್ಚು ನಂದಲಾಲರ ಸ್ವಂತ ಕೈಯವು. ಕೈಯಲ್ಲಿ ತಯಾರಿಸಿದ ಕಾಗದ, ಮಣ್ಣಿನ ಬಣ್ಣ, ದಪ್ಪ ಕುಂಚದ ಓಟ. ಡೋಲು ಬಡಿಯುವವ, ನೆಲ ಉಳುವವ, ಹತ್ತಿ ಹಿಂಜುವವ, ಬಟ್ಟೆ ಹೊಲಿಯುವ ದರ್ಜಿ, ಭತ್ತ ಕುಟ್ಟುವ ಹೆಂಗಸರು, ಗೂಳಿ. ಅವು ಚೌಕಟ್ಟಿನೊಳಗೆ ಕೂತು ಕಾಯುವ ಚಿತ್ರಗಳಾಗಿರಲಿಲ್ಲ. ಬಾಗಿಲುಗಳಿಗೆ, ಮಂಟಪಗಳಿಗೆ ಅವನ್ನು ತೂಗುಹಾಕಿದ್ದರು. ಜಾತ್ರೆಗೆ ಬಂದಂತೆ ಬಂದ ಹಳ್ಳಿಯವರು ಅವುಗಳ ಕೆಳಗೆ ನಡೆದಾಡಿದರು.

ಅವು ಪದಾರ್ಥಚಿತ್ರಗಳಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಹೌದು, ಅಲ್ಲ. ಅಲ್ಲಿ ಒನಕೆಯಿದೆ, ಆದರೆ ಹಿಡಿದ ಕೈಯೂ ಇದೆ. ನಮಗೆ ಬೇಕಾದ ಪಾಠ ಅಲ್ಲಿಯೇ ಇದೆ ಎನಿಸುತ್ತದೆ. ಒನಕೆ, ಡೋಲು, ಹತ್ತಿ ಹಿಂಜುವ ಬಿಲ್ಲು ಚಿತ್ರಕ್ಕೆ ತಕ್ಕವು ಎಂದು ಒಬ್ಬ ದೊಡ್ಡ ಚಿತ್ರಕಾರ ಬಯಲಿನಲ್ಲಿ ಸಾರಿ ಹೇಳಿದ. ಬಣ್ಣವೂ ನೆಲದ್ದೇ. ಇಲ್ಲಿಯವರು ಗೇರು ಎನ್ನುವ ಕೆಂಪನ್ನು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸುಣ್ಣದ ಗೋಡೆಯ ಅಂಚಿಗೆ ‘ಜಾಜು’ ಎಂದು ಬಳಿಯುತ್ತಾರೆ. ಕರಾವಳಿಯ ದೇವಸ್ಥಾನದ ಗೋಡೆಗಳ ಮೇಲೆ ಅದು ‘ಕಾವಿ’.

ಹರಿಪುರದ ಅದೇ ಅಧಿವೇಶನದಲ್ಲಿ ಇನ್ನೊಂದು ಸಂಗತಿ ನಡೆಯಿತು. ಏಳು ವರ್ಷಗಳ ಉಚಿತ, ಕಡ್ಡಾಯ ಶಿಕ್ಷಣ, ಅದು ಮಾತೃಭಾಷೆಯಲ್ಲೇ, ಕೈಕೆಲಸವನ್ನು ನಡುವಿಟ್ಟುಕೊಂಡು ಎಂಬ ರಾಷ್ಟ್ರೀಯ ಶಿಕ್ಷಣದ ನಿರ್ಣಯವನ್ನು ಕಾಂಗ್ರೆಸ್ಸು ಅಂಗೀಕರಿಸಿದ್ದು ಅಲ್ಲಿಯೇ. ಅದರ ಹಿಂದೆ ಝಾಕಿರ್ ಹುಸೇನ್ ಸಮಿತಿಯ ವರದಿಯಿತ್ತು. ಆ ವರದಿಯ ಪಠ್ಯಕ್ರಮದಲ್ಲಿ ನೂಲುವುದು, ಗಣಿತ, ಮಾತೃಭಾಷೆಗಳೊಂದಿಗೆ ಚಿತ್ರಕಲೆಗೂ ಸ್ಥಾನವಿತ್ತು. ಆಕಾರ, ಬಣ್ಣಗಳನ್ನು ಗುರುತಿಸುವ ಕಣ್ಣನ್ನು ಪಳಗಿಸುವುದು ಅದರ ಉದ್ದೇಶಗಳಲ್ಲಿ ಒಂದು. ಶಿಕ್ಷಣದ ಚರಿತ್ರೆ ಬರೆಯುವವರು ನಿರ್ಣಯವನ್ನು ಹೇಳುತ್ತಾರೆ, ಕಲೆಯ ಚರಿತ್ರೆ ಬರೆಯುವವರು ಫಲಕಗಳನ್ನು. ಒಂದೇ ಚಪ್ಪರದ ಕೆಳಗೆ ಆದ ಈ ಎರಡನ್ನೂ ಜೋಡಿಸಿ ನೋಡಿದವರು ಕಡಮೆ. ಒಳಗೆ ಮಾತೃಭಾಷೆಯ ಶಾಲೆಯ ನಿರ್ಣಯ, ಹೊರಗೆ ಬಾಗಿಲ ಮೇಲೆ ಊರ ಕಸುಬುಗಳ ಚಿತ್ರ. ಎರಡೂ ಹೇಳುತ್ತಿದ್ದುದು ಒಂದನ್ನೇ: ಮಗು ತನ್ನ ಎದುರಿಗಿರುವುದರಿಂದ ಕಲಿಯಲಿ.

ಆ ಫಲಕಗಳ ಬಗೆಗೆ ನಮ್ಮದೊಂದು ತಕರಾರೂ ಇದೆ. ಹರಿಪುರವಿರುವ ಬಾರ್ಡೋಲಿ ಸೀಮೆಯಲ್ಲಿ ಆಗ ‘ಹಾಳಿ’ ಎಂಬ ಜೀತಪದ್ಧತಿ ಇತ್ತು. ಸಾಲಕ್ಕೆ ಸಿಕ್ಕ ಕೂಲಿಯವನು ಒಡೆಯನ ಹೊಲದಲ್ಲಿ ಬದುಕು ಸವೆಸುತ್ತಿದ್ದ. ಫಲಕದ ಮೇಲಿನ ಉಳುವವನ ತೋಳುಗಳು ತುಂಬಿಕೊಂಡಿವೆ, ಅವನ ಹೆಜ್ಜೆಯಲ್ಲಿ ಕುಣಿತವಿದೆ. ಸಾಲದ ಸುಳಿವು ಅಲ್ಲಿಲ್ಲ. ಜಾತ್ರೆಯ ಬಾಗಿಲಿಗೆ ಬರೆದದ್ದರಿಂದ ಹಾಗಾಯಿತೆಂದು ಸಮಾಧಾನ ಹೇಳಬಹುದು. ಆದರೂ ಮಕ್ಕಳಿಗೆ ಊರ ವಸ್ತುವನ್ನು ತೋರಿಸುವಾಗ ಅಂದವಾದದ್ದನ್ನೇ ಆರಿಸಿ ತೋರಿಸುವ ಚಾಳಿ ನಮಗೂ ಇದೆ. ಹುಳು ತೂತು ಮಾಡಿದ ಬದನೆಯೂ ಬದನೆಯೇ, ಮತ್ತು ಬರೆಯಲು ಅದೇ ಹೆಚ್ಚು ಸ್ವಾರಸ್ಯದ್ದು.

ಅಹಮದಾಬಾದಿನ ಕಥೆ ಬೇರೆ ಬಗೆಯದು. ಅಲ್ಲಿ ಒಬ್ಬ ಗುರು. ಭಾವನಗರದಲ್ಲಿ 1892ರಲ್ಲಿ ಹುಟ್ಟಿದ ರವಿಶಂಕರ ರಾವಳರು ಜೆ. ಜೆ. ಶಾಲೆಯಲ್ಲಿಯೇ ಕಲಿತವರು, ಗಾರೆಮೂರ್ತಿಗಳ ಶಿಸ್ತನ್ನು ಪೂರ್ತಿ ಅರಗಿಸಿಕೊಂಡು ಆಮೇಲೆ ಅದರಿಂದ ಹೊರಬಂದವರು. 1922ರಲ್ಲಿ ಅಹಮದಾಬಾದಿನಲ್ಲಿ ಗಾಂಧೀಜಿಯವರ ಮೇಲಿನ ರಾಜದ್ರೋಹದ ವಿಚಾರಣೆ ನಡೆದಾಗ ಅಲ್ಲಿ ಕುಳಿತು ಗೆರೆಗಳಲ್ಲಿ ಆ ದೃಶ್ಯವನ್ನು ಹಿಡಿದವರು ಇವರೇ. ಎದುರಿಗಿರುವುದನ್ನು ನೋಡಿ ಬರೆಯುವ ಪಾಠ ಇಂಥ ಗಳಿಗೆಗೆ ಬೇಕಾಗುತ್ತದೆ. ಇವರು 1924ರಲ್ಲಿ ಆರಂಭಿಸಿದ ‘ಕುಮಾರ್’ ಎಂಬ ಮಾಸಪತ್ರಿಕೆ ಎಳೆಯರಿಗಾಗಿ ಹುಟ್ಟಿದ್ದು. ಚಿತ್ರವೆಂದರೆ ಏನೆಂಬುದನ್ನು ಗುಜರಾತಿನ ಮಧ್ಯಮವರ್ಗದ ಮನೆಗಳಿಗೆ ಹೇಳಿಕೊಟ್ಟದ್ದು ಅದೇ. ಕನು ದೇಸಾಯಿ, ರಸಿಕಲಾಲ ಪಾರೀಖ್ ಮೊದಲಾದ ಒಂದು ಪೀಳಿಗೆ ಇವರ ಕೈಕೆಳಗೆ ಬೆಳೆಯಿತು. ಜನ ಇವರನ್ನು ಕಲಾಗುರು ಎಂದೇ ಕರೆದರು. ಕನ್ನಡದಲ್ಲಿ ಇದಕ್ಕೆ ಸಾಟಿ ಹುಡುಕಿದರೆ ನಮಗೆ ನೆನಪಾಗುವವರು ಶಿವರಾಮ ಕಾರಂತರು. 1930ರಲ್ಲಿ ‘ಭಾರತೀಯ ಚಿತ್ರಕಲೆ’ ಬರೆದ ಅವರು ಆ ದಶಕದಲ್ಲೇ ಪುತ್ತೂರಿನ ಬಾಲವನದಲ್ಲಿ ಮಕ್ಕಳ ಕಲಿಕೆಯ ಪ್ರಯೋಗಗಳನ್ನು ನಡೆಸಿದರು, ‘ಬಾಲಪ್ರಪಂಚ’ವನ್ನು ಹೊರತಂದರು. ಇಬ್ಬರಿಗೂ ಮಕ್ಕಳಿಗೆ ಹೇಳುವುದು ಕೀಳು ಕೆಲಸವಾಗಿ ಕಾಣಲಿಲ್ಲ.

ಇನ್ನು ವಡೋದರಾ. ಇಲ್ಲಿ ಮಹಾರಾಜ ಸಯಾಜಿರಾವ್ ಗಾಯಕವಾಡರ ಹೆಸರನ್ನು ಬಿಟ್ಟು ಯಾವ ಕಥೆಯೂ ಆರಂಭವಾಗುವುದಿಲ್ಲ. ರಾಜಾ ರವಿವರ್ಮನನ್ನು ಕರೆಸಿ ಪುರಾಣಚಿತ್ರಗಳನ್ನು ಬರೆಸಿದವರು ಅವರು. ಮುಂದೆ ಅದೇ ರವಿವರ್ಮ ಮೈಸೂರಿನ ಅರಮನೆಗೂ ಬರೆದ. 1890ರಲ್ಲಿ ಅವರು ಸ್ಥಾಪಿಸಿದ ಕಲಾಭವನದ ಮುಖ್ಯಸ್ಥರಾದವರು ಸೂರತ್ತಿನ ಟಿ. ಕೆ. ಗಜ್ಜರ್. ಬಣ್ಣಗಾರಿಕೆ, ಬಡಗಿತನ, ಯಂತ್ರವಿದ್ಯೆಗಳ ಜೊತೆಗೆ ಚಿತ್ರವನ್ನೂ ಕಲಿಸಿದ ಶಾಲೆ ಅದು; ದೇಶಭಾಷೆಯಲ್ಲಿ ಕಲಿಸಬೇಕೆಂಬುದು ಗಜ್ಜರರ ಹಟ. ದಾದಾಸಾಹೇಬ ಫಾಲ್ಕೆ ಸಹ ಅಲ್ಲಿ ಕಲಿತವರು. ಹರಿಪುರದ ಮರುವರ್ಷ ನಂದಲಾಲರು ವಡೋದರೆಗೆ ಬಂದು ಕೀರ್ತಿಮಂದಿರದ ಗೋಡೆಗಳ ಮೇಲೆ ಬರೆಯಲು ತೊಡಗಿದರು. ಗಂಗಾವತರಣ, ಮೀರಾಬಾಯಿಯ ಬದುಕು, ನಟೀರ್ ಪೂಜಾ, ಅಭಿಮನ್ಯುವಿನ ಯುದ್ಧ ಹೀಗೆ ನಾಲ್ಕು ಗೋಡೆಗಳ ಕೆಲಸ 1946ರ ತನಕ ಬಿಟ್ಟುಬಿಟ್ಟು ನಡೆಯಿತು. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬೇಕಾದ ಜಾಗ.

ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾನಿಲಯದ ಲಲಿತಕಲಾ ವಿಭಾಗ ಆರಂಭವಾದದ್ದು 1950ರಲ್ಲಿ. ಚಿತ್ರಕಲೆಯನ್ನು ಕಲಿಸಲು ಬಂದವರು ಎನ್. ಎಸ್. ಬೇಂದ್ರೆ. ಹೆಸರು ಕೇಳಿ ಧಾರವಾಡದತ್ತ ತಿರುಗುವ ನಮ್ಮವರಿಗೆ ಹೇಳಿಬಿಡುವುದು ಒಳ್ಳೆಯದು: ಇವರು ಇಂದೋರಿನವರು. ಮೇಜು, ಹೂಜಿ, ಹಣ್ಣುಗಳನ್ನು ಒಡೆದು ತುಂಡುತುಂಡಾಗಿ ಕಟ್ಟುವ ಕ್ಯೂಬಿಸಂನ ಪ್ರಯೋಗಗಳನ್ನು ಅವರು 1950ರ ದಶಕದಲ್ಲಿ ಇಲ್ಲಿ ಮಾಡಿದರು. ತಂಬಿಗೆಯ ಬಾಯಿ ಮೇಲಿನಿಂದಲೂ ಹೊಟ್ಟೆ ಪಕ್ಕದಿಂದಲೂ ಏಕಕಾಲಕ್ಕೆ ಕಾಣಬಹುದು ಎಂದಾಗ ಹಳೆಯ ಡ್ರಾಯಿಂಗ್ ಪರೀಕ್ಷೆಯ ಪಾತ್ರೆ ಮೊದಲ ಬಾರಿಗೆ ಅಲುಗಾಡಿತು. ನಮ್ಮ ಮಕ್ಕಳು ಐದಾರು ವರ್ಷದವರಿದ್ದಾಗ ಹೇಗೂ ಹಾಗೆಯೇ ಬರೆಯುತ್ತಾರೆ. ‘ಬಾಯಿ ದುಂಡಗಿದೆ’ ಎಂದು ತಿಳಿದದ್ದರಿಂದ ದುಂಡಗೇ ಬರೆಯುತ್ತಾರೆ, ‘ತಳ ನೆಲಕ್ಕೆ ಕೂತಿದೆ’ ಎಂದು ತಿಳಿದದ್ದರಿಂದ ತಳಕ್ಕೆ ನೇರ ಗೆರೆ ಎಳೆಯುತ್ತಾರೆ. ಅದನ್ನು ತಪ್ಪೆಂದು ತಿದ್ದುವ ಮೊದಲು ಬೇಂದ್ರೆಯವರ ಚಿತ್ರವೊಂದನ್ನು ನೋಡುವುದು ಲೇಸು.

ಅವರ ಜೊತೆಗಾರರಲ್ಲಿ ಮಕ್ಕಳ ಕಡೆಗೆ ತಿರುಗಿ ನಿಂತವರು ಕೆ. ಜಿ. ಸುಬ್ರಮಣ್ಯನ್. ಕೇರಳದಲ್ಲಿ ಹುಟ್ಟಿ, ಚಲೇಜಾವ್ ಚಳವಳಿಯಲ್ಲಿ ಜೈಲಿಗೆ ಹೋಗಿ, ಶಾಂತಿನಿಕೇತನದಲ್ಲಿ ನಂದಲಾಲರ ಬಳಿ ಕಲಿತು ವಡೋದರೆಗೆ ಬಂದವರು. 1960ರ ದಶಕದಲ್ಲಿ ಕಲಾವಿಭಾಗದ ಮೇಳಗಳಿಗೆಂದು ಅಧ್ಯಾಪಕರೂ ವಿದ್ಯಾರ್ಥಿಗಳೂ ಆಟಿಕೆಗಳನ್ನು ಮಾಡಿ ಮಾರುತ್ತಿದ್ದರು. ಸುಬ್ರಮಣ್ಯನ್ನರ ಮರದ ಗೊಂಬೆಗಳು ಆ ಮೇಳಗಳಿಗಾಗಿ ಹುಟ್ಟಿದವು. ಮಕ್ಕಳಿಗಾಗಿ ಅವರು ಕಥೆಗಳನ್ನು ಬರೆದು ತಾವೇ ಚಿತ್ರ ಹಾಕಿದರು. ದೊಡ್ಡ ಕಲೆ ಬೇರೆ, ಮಕ್ಕಳ ಗೊಂಬೆ ಬೇರೆ ಎಂಬ ಗೋಡೆಯನ್ನು ಅವರು ಒಪ್ಪಲಿಲ್ಲ. ಈ ವಿಭಾಗಕ್ಕೆ ಕನ್ನಡನಾಡಿನಿಂದ ಬಂದು ಕಲಿತವರಲ್ಲಿ ಬೆಂಗಳೂರಿನ ಪುಷ್ಪಮಾಲಾ ಎನ್., ಬಿ. ವಿ. ಸುರೇಶ್ ಇದ್ದಾರೆ, ಸುರೇಶ್ ಇಲ್ಲಿಯೇ ಅಧ್ಯಾಪಕರೂ ಆದರು.

ಸುಬ್ರಮಣ್ಯನ್ನರ ಶಿಷ್ಯರಲ್ಲಿ ಸೂರತ್ ಸೀಮೆಯ ವಾಲೋಡಿನಲ್ಲಿ ಹುಟ್ಟಿದ ಹಕು ಶಾಹರನ್ನು ನಾವು ವಿಶೇಷವಾಗಿ ನೆನೆಯಬೇಕು. ಅವರು ವಡೋದರೆಯಲ್ಲಿ ಕಲಿತು ದಕ್ಷಿಣ ಗುಜರಾತಿನ ಆಶ್ರಮಶಾಲೆಯಲ್ಲಿ ಕೆಲಕಾಲ ಕಲಿಸಿದರು; ಆಮೇಲೆ ಅಹಮದಾಬಾದಿನ ಗುಜರಾತ್ ವಿದ್ಯಾಪೀಠದಲ್ಲಿ ಬುಡಕಟ್ಟು ಜನರ ವಸ್ತುಗಳ ಸಂಗ್ರಹಾಲಯವನ್ನು ಕಟ್ಟಿದರು. ಹರಕೆಗೆ ಒಪ್ಪಿಸುವ ಮಣ್ಣಿನ ಕುದುರೆ, ಗಡಿಗೆ,  ಬುಟ್ಟಿಗಳೇ ಅಲ್ಲಿ ಪ್ರದರ್ಶನದ ವಸ್ತುಗಳು. ಮೂರು ನಗರಗಳ ಈ ಚರಿತ್ರೆ ಒಬ್ಬರ ಬದುಕಿನಲ್ಲಿ ಕೂಡಿಕೊಂಡಿದ್ದರೆ ಅದು ಹಕುಭಾಯಿಯವರ ಬದುಕಿನಲ್ಲಿ. ಅವರು 2019ರಲ್ಲಿ ತೀರಿಕೊಂಡರು.

ವಡೋದರೆಯದೇ ಇನ್ನೊಂದು ಚಿತ್ರವನ್ನು ಹೇಳದೆ ಮುಂದೆ ಹೋಗಲಾಗದು. ಲೆಕ್ಕಪರಿಶೋಧಕರಾಗಿದ್ದುಕೊಂಡೇ ಚಿತ್ರಕಾರರಾದ ಭೂಪೇನ್ ಖಖ್ಖರ್ 1970ರ ದಶಕದಲ್ಲಿ ಪ್ಲಾಸ್ಟಿಕ್ ಹೂಗುಚ್ಛ ಹಿಡಿದ ಗಂಡಸೊಬ್ಬನನ್ನು ಬರೆದರು. ಬಾಡದ ಹೂ, ಋತುವಿಲ್ಲದ ಹೂ. ನಮ್ಮ ಬೈಠಕ್ ಖಾನೆಗಳ ಟೀವಿಯ ಮೇಲೆ ಧೂಳು ಹಿಡಿದು ನಿಂತಿರುತ್ತಿದ್ದ ಅದೇ ಹೂ. ಹಾಲೆಂಡಿನವರ ಸುಳ್ಳಿಗೂ ಡ್ರಾಯಿಂಗ್ ಪರೀಕ್ಷೆಯ ಕೆಡದ ಪಾತ್ರೆಗೂ ಇದು ಉತ್ತರವೆಂದು ನಮಗೆ ತೋರುತ್ತದೆ. ಆ ಗಂಡಸಿನ ಮುಖದಲ್ಲಿ ನಗುವಿಲ್ಲ.

ಇಷ್ಟು ಚರಿತ್ರೆಯನ್ನು ಇಟ್ಟುಕೊಂಡು ನಮ್ಮ ಮನೆಗಳಲ್ಲಿ, ಭಾನುವಾರದ ಕನ್ನಡ ತರಗತಿಗಳಲ್ಲಿ ಮಾಡಬಹುದಾದದ್ದು ಏನು? ಋತುವಿಗೆ ಒಂದು ಪಾಠ ಸಾಕು. ವಸ್ತುವನ್ನು ಮಕ್ಕಳೇ ಪೇಟೆಯಿಂದ ತರಲಿ. ಒಂದೇ ಕಿಟಕಿಯಿಂದ ಬೆಳಕು ಬೀಳುವಂತೆ ಇಡಬೇಕು. ಎರಡು ಕಡೆಯಿಂದ ಬೆಳಕಾದರೆ ನೆರಳು ಗೊಂದಲವಾಗುತ್ತದೆ. ಮೊದಲ ಐದು ನಿಮಿಷ ಪೆನ್ಸಿಲು ಮುಟ್ಟದೆ ಬರೀ ನೋಡುವುದು, ಮುಟ್ಟುವುದು, ಮೂಸುವುದು.

ಚಳಿಗಾಲವೇ ಇಲ್ಲಿ ಎಲ್ಲಕ್ಕಿಂತ ಸಮೃದ್ಧ. ಸೂರತ್ತಿನ ಪೋಂಕ್, ಅಂದರೆ ಕೆಂಡದಲ್ಲಿ ಸುಟ್ಟು ಉದುರಿಸಿದ ಎಳೆಜೋಳ, ವಿಜಯಪುರ, ಧಾರವಾಡದ ಕಡೆಯವರಿಗೆ ಹೊಸದಲ್ಲ. ಹೊಲದಲ್ಲಿ ಕುಳ್ಳಿನ ಬೆಂಕಿಯಲ್ಲಿ ಸುಟ್ಟು ತಿಕ್ಕಿ ತಿನ್ನುವ ಸೀತನಿಯೇ ಅದು. ಸೂರತಿ ಪಾಪಡಿ ನಮ್ಮ ಅವರೆಯ ಕುಲದ್ದೇ. ಉತ್ತರಾಯಣದ ಹೊತ್ತಿಗೆ ಊಂಧಿಯುವಿಗೆಂದು ತಂದ ತರಕಾರಿಗಳನ್ನು ತಟ್ಟೆಯಲ್ಲಿ ಜೋಡಿಸಿ ಆರ್ಚಿಂಬೋಲ್ಡೋನಂತೆ ಒಂದು ಮುಖ ಮಾಡಿಸಬಹುದು: ಬದನೆಯ ಮೂಗು, ಪಾಪಡಿಯ ಹುಬ್ಬು, ಹಸಿರು ಬೆಳ್ಳುಳ್ಳಿಯ ಗಡ್ಡ, ಸೀಳಿದ ನೇರಳೆ ಗೆಣಸಿನ ಕೆನ್ನೆ. ಬರೆದು ಮುಗಿಸಿದ ಮೇಲೆ ಮುಖ ಬಾಣಲೆಗೆ ಹೋಗಲಿ. ಫಾಲ್ಗುಣದಲ್ಲಿ ಕೇಸೂಡೋ, ಅಂದರೆ ನಮ್ಮ ಮುತ್ತುಗ. ಆ ಹೂವನ್ನು ನೀರಿನಲ್ಲಿ ನೆನೆಸಿದರೆ ಸಿಗುವ ಕಿತ್ತಳೆ ಬಣ್ಣದಿಂದಲೇ ಆ ಹೂವನ್ನು ಬರೆಯಬಹುದು. ಮಕ್ಕಳು ಇದನ್ನು ಜಾದು ಎಂದೇ ತಿಳಿಯುತ್ತಾರೆ. ಅರಿಸಿನ, ಗೇರು, ಮನೆಯಲ್ಲೇ ಸುಟ್ಟ ಇದ್ದಿಲು ಸೇರಿಸಿದರೆ ಹರಿಪುರದ ಬಣ್ಣದ ಪೆಟ್ಟಿಗೆ ಬಹುಮಟ್ಟಿಗೆ ಸಿದ್ಧ.

ಬೇಸಗೆಯಲ್ಲಿ ಒಂದು ಕೇಸರ್ ಮಾವು ಸಾಕು, ಆದರೆ ಮೂರು ಹಾಳೆ ಬೇಕು. ಕಾಯಾಗಿ ತಂದ ದಿನ ಒಂದು, ಹಣ್ಣಾದ ದಿನ ಒಂದು, ಸಿಪ್ಪೆ ಸುಕ್ಕಾಗಿ ಕಪ್ಪು ಚುಕ್ಕೆ ಬಿದ್ದ ದಿನ ಮತ್ತೊಂದು. ಪರೀಕ್ಷೆಯ ಪಾತ್ರೆ ಕಲಿಸಲಾಗದೆ ಹೋದದ್ದು ಇದನ್ನೇ. ಮಳೆಗಾಲಕ್ಕೆ ಮಣ್ಣು: ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳನ್ನು ಇಲ್ಲಿಯ ಮಣ್ಣಿನಲ್ಲೇ ಮಾಡಿ, ಒಣಗಿಸಿ, ಎದುರಿಗಿಟ್ಟು ಬರೆಯುವುದು. ನವರಾತ್ರಿಗೆ ಮೈಯೆಲ್ಲ ತೂತಿನ ಗರಬೋ ಗಡಿಗೆ. ಇದನ್ನು ಮಾತ್ರ ರಾತ್ರಿ ಬರೆಯಬೇಕು, ಒಳಗೆ ದೀಪವಿಟ್ಟು, ಕೋಣೆಯ ದೀಪ ಆರಿಸಿ. ಬೆಳಕು ಹೊರಗಿನಿಂದ ಬಿದ್ದರೆ ಒಂದು ಚಿತ್ರ, ಒಳಗಿನಿಂದ ಬಂದರೆ ಇನ್ನೊಂದು ಎಂಬುದು ಆಗ ಯಾರೂ ಹೇಳದೆ ತಿಳಿಯುತ್ತದೆ.

ಕೊನೆಗೆ ಹೆಸರಿನ ವಿಚಾರ. ಚಿತ್ರದ ಕೆಳಗೆ ವಸ್ತುವಿನ ಹೆಸರನ್ನು ಎರಡು ಲಿಪಿಗಳಲ್ಲಿ ಬರೆಯಲಿ, ಕನ್ನಡದಲ್ಲಿ ಒಂದು, ಗುಜರಾತಿಯಲ್ಲಿ ಒಂದು. ಇಲ್ಲಿಯೇ ಜಗಳ ಹತ್ತುವುದು, ಹತ್ತಲಿ. ಚಳಿಗಾಲದಲ್ಲಿ ಕೈಗಾಡಿಯ ತುಂಬ ಬರುವ ಬೋರ್ ಹಣ್ಣನ್ನು ಮೈಸೂರಿನವರು ಯಲಚಿ ಎನ್ನುತ್ತಾರೆ, ಧಾರವಾಡದವರು ಬಾರಿಹಣ್ಣು ಎನ್ನುತ್ತಾರೆ, ಬೋರೆಹಣ್ಣೇ ಸರಿ ಎನ್ನುವವರೂ ಇದ್ದಾರೆ. ಮಗುವಿನ ಹಾಳೆಯಲ್ಲಿ ಯಾವುದು ಬರಬೇಕೆಂದು ಅಜ್ಜಿಗೆ ಊರಿಗೆ ಫೋನು ಮಾಡಿ ಕೇಳಬೇಕಾದೀತು. ಹಾಳೆಯಲ್ಲಿ ಅದಕ್ಕಾಗಿ ಸ್ವಲ್ಪ ಹೆಚ್ಚು ಜಾಗ ಬಿಟ್ಟಿರುವುದು ಒಳ್ಳೆಯದು.